ಹಿತ್ತಿಲು ಮತ್ತು ಒಲೆ: ಬೂದಿಯ ಬಗ್ಗೆ ಒಂದು ತಿದ್ದುಪಡಿ

ಕಳೆದ ದೀಪಾವಳಿ ಸಂಚಿಕೆಯಲ್ಲೂ ಸಂಕ್ರಾಂತಿ ಸಂಚಿಕೆಯಲ್ಲೂ ಈ ಅಂಕಣ ಬರಲಿಲ್ಲ. ಸಂಪಾದಕರು "ಸ್ಥಳಾಭಾವದಿಂದ" ಎಂದು ಹಾಕಿ ನನ್ನ ಮಾನ ಉಳಿಸಿದರು. ಸ್ಥಳಕ್ಕೇನೂ ಅಭಾವವಿರಲಿಲ್ಲ, ಬರೆಯಲು ನನಗೆ ಮುಖವಿರಲಿಲ್ಲ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತಿದ್ದಾಗ ಮೂವರು, "ಏನಮ್ಮಾ, ನಿಮ್ಮ ಹಿತ್ತಿಲಿಗೆ ಆಗಲೇ ಹಿಮ ಬಿತ್ತೇ?" ಎಂದು ಕೇಳಿದರು. ನಕ್ಕು, ತಟ್ಟೆಗೆ ಇನ್ನೊಂದು ಸೌಟು ಬಿಸಿಬೇಳೆ ಹುಳಿಯನ್ನ ಹಾಕಿಸಿಕೊಂಡು ಮುಂದೆ ಹೋದೆ. ಆ ಮೂವರಿಗೂ, ಕೇಳದೆ ಸುಮ್ಮನಿದ್ದವರಿಗೂ ಈಗ ಉತ್ತರ ಹೇಳುತ್ತೇನೆ.

2024ರ ಯುಗಾದಿ ಸಂಚಿಕೆ ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ ತೆಗೆದು ನೋಡಿ. ಒಲೆಯ ಬೂದಿಯನ್ನು ಎಸೆಯಬೇಡಿ, ಹಿತ್ತಿಲಿಗೆ ಹಾಕಿ ಎಂದು ಒಂದೂವರೆ ಪುಟ ಬರೆದಿದ್ದೆ. ಬರೆದದ್ದೇನೋ ಸುಳ್ಳಲ್ಲ. ಆದರೆ ಅದರಲ್ಲಿ ಇರಬೇಕಾಗಿದ್ದ ಒಂದು ವಾಕ್ಯ ಬಿಟ್ಟುಹೋಗಿತ್ತು. ಆ ಒಂದು ವಾಕ್ಯಕ್ಕಾಗಿ ಇವತ್ತು ಇಷ್ಟು ಬರೆಯಬೇಕಾಗಿ ಬಂದಿದೆ.

ಹೊಸದಾಗಿ ಸಂಘಕ್ಕೆ ಸೇರಿದವರಿಗಾಗಿ ನಮ್ಮ ಮನೆಯ ವಿಷಯ ಎರಡು ಮಾತು. ನಾವಿರುವುದು ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ, ಆಲ್ಬನಿಯಿಂದ ಸುಮಾರು 30 ಮೈಲಿ. ಮನೆ 1926ರದ್ದು. ನಾವು ಕೊಂಡದ್ದು 2022ರಲ್ಲಿ. ನೆಲಮಾಳಿಗೆಯಲ್ಲಿ ಎಣ್ಣೆಯ ಫರ್ನೆಸ್ ಇದೆ. ಆದರೆ ಹಿಮದ ಬಿರುಗಾಳಿಗೆ ಕರೆಂಟು ಹೋದರೆ ಎಣ್ಣೆಯಿದ್ದೂ ಅದು ಉರಿಯುವುದಿಲ್ಲ. ಮೊದಲ ಚಳಿಗಾಲದಲ್ಲೇ ಒಂದು ರಾತ್ರಿ ಕೈಕೂಸನ್ನು ಮಧ್ಯೆ ಮಲಗಿಸಿಕೊಂಡು, ಇದ್ದಬದ್ದ ಕಂಬಳಿಯನ್ನೆಲ್ಲ ಹೊದ್ದು ಬೆಳಗು ಮಾಡಿದ ಮೇಲೆ ನಮ್ಮವರು ನಡುಮನೆಗೆ ಸೌದೆ ಒಲೆ ಹಾಕಿಸಿದರು. 2020ರಿಂದ ಜಾರಿಗೆ ಬಂದ ಹೊಗೆಯ ನಿಯಮಕ್ಕೆ ಒಪ್ಪುವ ಒಲೆ. ಹಳೆಯ ಕಾಲದ ಒಲೆ ಗಂಟೆಗೆ ಹತ್ತಿಪ್ಪತ್ತು ಗ್ರಾಂ ಕಣಗಳನ್ನು ಚಿಮಣಿಯಿಂದ ಉಗುಳುತ್ತಿದ್ದ ಕಡೆ, ಇದು ಎರಡು ಗ್ರಾಮಿನ ಆಸುಪಾಸು. ಸೌದೆ ಚೆನ್ನಾಗಿ ಒಣಗಿದ್ದರೆ ಮಾತ್ರ ಈ ಲೆಕ್ಕ.

ಇಲ್ಲಿ ಸೌದೆಯನ್ನು ಅಳೆಯುವುದು ಕಾರ್ಡ್ ಎಂಬ ಅಳತೆಯಲ್ಲಿ: ನಾಲ್ಕಡಿ ಎತ್ತರ, ನಾಲ್ಕಡಿ ಅಗಲ, ಎಂಟಡಿ ಉದ್ದದ ಅಟ್ಟಿ, ಅಂದರೆ 128 ಘನ ಅಡಿ. ನಮಗೆ ಚಳಿಗಾಲಕ್ಕೆ ನಾಲ್ಕು ಕಾರ್ಡ್ ಬೇಕು. ಓಕ್ ಸೌದೆಯಾದರೆ ಸೀಳಿ ಒಟ್ಟಿ ಎರಡು ವರ್ಷ ಗಾಳಿಗೆ ಬಿಡಬೇಕು. ನೀರಿನಂಶ ನೂರಕ್ಕೆ 20ಕ್ಕಿಂತ ಕೆಳಗಿಳಿಯುವ ತನಕ ಅದು ಸೌದೆಯಲ್ಲ, ಬರೀ ಮರ. ಆಶ್ ಮರವಾದರೆ ಬೇಗ ಒಣಗುತ್ತದೆ. ಪಾಪ, ಆ ಜಾತಿಯ ಮರಗಳಿಗೆ ಏಷ್ಯಾದಿಂದ ಬಂದ ಒಂದು ಹಸುರು ದುಂಬಿ ಹತ್ತಿಕೊಂಡಿದೆ. 2002ರಲ್ಲಿ ಮಿಷಿಗನ್ನಿನಲ್ಲಿ ಮೊದಲು ಕಂಡಿತು, 2009ರಲ್ಲಿ ನಮ್ಮ ರಾಜ್ಯಕ್ಕೂ ಬಂತು. ಈಗ ರಸ್ತೆಯ ಎರಡೂ ಬದಿ ಸತ್ತ ಆಶ್ ಮರಗಳು. ಸೌದೆಯ ಜೊತೆಗೆ ದುಂಬಿಯೂ ಪ್ರಯಾಣ ಮಾಡುತ್ತದೆಂದು, ಕಾಯಿಸಿ ಶುದ್ಧಿಮಾಡದ ಸೌದೆಯನ್ನು 50 ಮೈಲಿಗಿಂತ ದೂರ ಸಾಗಿಸಬಾರದೆಂದು ಇಲ್ಲಿ ಕಾನೂನೇ ಇದೆ. ಆದ್ದರಿಂದ ಈ ಬೇಸಗೆ ಬಿಡಾರಕ್ಕೆ ಹೊರಡುವವರು ಕಾರಿನ ಡಿಕ್ಕಿಯಲ್ಲಿ ಮನೆಯ ಸೌದೆ ತುಂಬಿಕೊಂಡು ಹೋಗಬೇಡಿ. ಮರದ ಹೆಸರೇ ಬೂದಿ ಎಂದಿರುವುದು ನಮ್ಮವರಿಗೆ ತೀರದ ತಮಾಷೆ.

ಇನ್ನು ಬೂದಿ. ನಮ್ಮ ಹಿತ್ತಿಲ ಮಣ್ಣು ಹುಳಿ, ಪಿ.ಎಚ್. 5.2. ಈ ಸೀಮೆಯಲ್ಲಿ ಬಹುತೇಕ ಹೀಗೇ. ಸೌದೆಯ ಬೂದಿಯಲ್ಲಿ ಹೆಚ್ಚಿನ ಪಾಲು ಸುಣ್ಣದ ಕಾರ್ಬೊನೇಟು. ಮಿಕ್ಕದ್ದರಲ್ಲಿ ಪೊಟ್ಯಾಷು, ಸ್ವಲ್ಪ ರಂಜಕ. ಹುಳಿ ಮಣ್ಣಿಗೆ ಅದು ಅರ್ಧ ಔಷಧ, ಅರ್ಧ ಗೊಬ್ಬರ. ನ್ಯೂಯಾರ್ಕಿನ ಈ ಭಾಗಕ್ಕೆ ಮೊದಲು ಬಂದ ಬಿಳಿಯ ರೈತರು ಕಾಡು ಕಡಿದು ಸುಟ್ಟ ಬೂದಿಯನ್ನೇ ಮಾರಿ ಮೊದಲ ಕಾಸು ನೋಡಿದರು. ಬೂದಿಯಿಂದ ಪೊಟ್ಯಾಷ್ ತೆಗೆಯುವ ವಿಧಾನಕ್ಕೇ ಈ ದೇಶದ ಮೊಟ್ಟಮೊದಲ ಪೇಟೆಂಟ್ ಸಿಕ್ಕಿದ್ದು. 1790ರ ಜುಲೈ 31ರಂದು ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಎಂಬವನಿಗೆ ಕೊಟ್ಟ ಆ ಕಾಗದಕ್ಕೆ ಜಾರ್ಜ್ ವಾಷಿಂಗ್ಟನ್ನರ ರುಜು ಇದೆ. ಇದನ್ನೆಲ್ಲ ಆ ಯುಗಾದಿ ಸಂಚಿಕೆಯಲ್ಲಿ ಬಹಳ ಉತ್ಸಾಹದಿಂದ ಬರೆದಿದ್ದೆ. ಡಾಕ್ಟರೇಟು ಪಡೆದ ರಸಾಯನ ವಿಜ್ಞಾನಿಗೆ ಮನೆಯ ಬೂದಿಯ ಮೇಲೆ ಪಾಂಡಿತ್ಯ ತೋರಿಸುವ ಅವಕಾಶ ದಿನಾ ಸಿಗುತ್ತದೆಯೇ?

ಬರೆಯದೆ ಬಿಟ್ಟದ್ದು ಇದು: ಯಾವ ಮರದ ಬೂದಿ?

2023ರ ಬೇಸಗೆಯಲ್ಲಿ ಹಿತ್ತಿಲ ಮೂಲೆಯ ಹಳೆಯ ಷೆಡ್ಡನ್ನು ನಾವೇ ಕಿತ್ತು ಹಾಕಿದೆವು. ಪೈನ್ ಹಲಗೆಗಳು, ನೂರು ವರ್ಷದ ಬಿಸಿಲು ಕಂಡು ಹಪ್ಪಳದಂತೆ ಒಣಗಿದ್ದವು. ಒಂದು ಮಗ್ಗುಲಿಗೆ ಬಿಳಿಯ ಬಣ್ಣ, ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಎಸೆಯಲು ಹೋದರೆ ಕಸದವರಿಗೆ ದುಡ್ಡು ಕೊಡಬೇಕು. ನಮ್ಮವರು ಗರಗಸ ಹಿಡಿದು ಎರಡು ಶನಿವಾರ ಕೂತು ಎಲ್ಲವನ್ನೂ ಮೊಳದುದ್ದಕ್ಕೆ ಕತ್ತರಿಸಿ, ಸೀಳಿ, ಒಲೆ ಹೊತ್ತಿಸಲು ಒಟ್ಟಿಟ್ಟರು. ಆ ಚಳಿಗಾಲವೆಲ್ಲ ಬೆಳಗ್ಗೆ ಎದ್ದು ನಾಲ್ಕು ಚಕ್ಕೆ ಇಟ್ಟು ಬೆಂಕಿ ಗೀರಿದರೆ ಸಾಕು, ಬುಗ್ಗೆಂದು ಹತ್ತಿಕೊಳ್ಳುತ್ತಿತ್ತು. ಇಷ್ಟು ಒಳ್ಳೆಯ ಪುಳ್ಳೆ ಇನ್ನು ಸಿಗುವುದಿಲ್ಲವಲ್ಲ ಎಂದು ಮಾರ್ಚಿಯಲ್ಲಿ ಖಾಲಿಯಾದಾಗ ಬೇಸರಪಟ್ಟುಕೊಂಡೆವು.

ಏಪ್ರಿಲಿನಲ್ಲಿ, ಐದು ಗ್ಯಾಲನ್ನಿನ ಎರಡು ಬಕೆಟ್ಟು ತುಂಬ ಬೂದಿಯನ್ನು ಬೇಲಿಯ ಪಕ್ಕದ ಪಾತಿಗೆ ಚೆಲ್ಲಿ ಕುಂಟೆಯಿಂದ ಎಳೆದೆ. ಪಾತಿ ಹತ್ತಡಿ ಅಗಲ, ಇಪ್ಪತ್ತಡಿ ಉದ್ದ. ಉಳಿದದ್ದನ್ನು ಒಂದು ತಗಡಿನ ಡಬ್ಬಿಗೆ ತುಂಬಿಟ್ಟೆ.

ಮೇ ತಿಂಗಳಲ್ಲಿ ತೀರ್ಥಹಳ್ಳಿ ಕಡೆಯಿಂದ ಅತ್ತೆ ಬಂದರು. ಅವರು ಬಂದರೆ ಹಿತ್ತಿಲಿಗೆ ಯಜಮಾನಿಕೆ ಬದಲಾಗುತ್ತದೆ. ನಾನು ಬರೀ ನೀರು ಹಿಡಿಯುವವಳು. ಕೆಂಪು ಹರಿವೆ, ಬಸಳೆ, ಅಲಸಂದೆ ಹಾಕಿದರು. ಇಲ್ಲಿ ಮೇ ಕೊನೆಯ ತನಕ ಇಬ್ಬನಿ ಹೆಪ್ಪುಗಟ್ಟುವ ಭಯವಿದೆ, ಅಲ್ಲಿಯವರೆಗೆ ಅವರನ್ನು ತಡೆಯುವುದೇ ಕಷ್ಟವಾಯಿತು. ಬಸಳೆ ಬೀಜಕ್ಕೆ ಊರಿಗೆ ಬರೆಯಬೇಕಾಗಿಲ್ಲ, ಮಲಬಾರ್ ಸ್ಪಿನಾಚ್ ಎಂಬ ಹೆಸರು ಹೊತ್ತು ಇಲ್ಲಿನ ಬೀಜದ ಕಂಪೆನಿಗಳಲ್ಲೇ ಸಿಗುತ್ತದೆ. ಜುಲೈ ಸೆಖೆ ಬಂದದ್ದೇ ತಡ, ಬಸಳೆ ಚಪ್ಪರ ಹತ್ತಿತು. ಅಲಸಂದೆಗೆ ಹೇನು ಬಿದ್ದಾಗ ಅತ್ತೆ, "ಬೂದಿ ಇಲ್ವೇನೆ?" ಎಂದರು. ಡಬ್ಬಿಯನ್ನು ನಾನೇ ತಂದುಕೊಟ್ಟೆ. ಬೆಳಗಿನ ಇಬ್ಬನಿಯ ಮೇಲೆ ಹಿಡಿಹಿಡಿಯಾಗಿ ಎರಚಿದರು. ಹೇನೂ ಹೋಯಿತೆನ್ನಿ. ಮಗಳು ಪುಟ್ಟಿಗೆ ಆಗ ಎರಡು ತುಂಬುತ್ತಾ ಬಂದಿತ್ತು. ಅಜ್ಜಿಯ ಹಿಂದೆಯೇ ಸುತ್ತುತ್ತಾ, ಅಜ್ಜಿ ಎರಚಿದಂತೆ ತಾನೂ ಎರಚುತ್ತಿದ್ದಳು. ಆ ಬೇಸಗೆ ವಾರಕ್ಕೆ ಮೂರು ದಿನ ಹರಿವೆ ಹುಳಿ ಇಲ್ಲವೇ ಬಸಳೆ. ಪುಟ್ಟಿ ಸೊಪ್ಪು ತಿನ್ನುತ್ತಾಳೆಂದು ಇಲ್ಲಿನ ಸ್ನೇಹಿತೆಯರ ಮುಂದೆ ಜಂಬ ಕೊಚ್ಚಿದ್ದೇ ಕೊಚ್ಚಿದ್ದು.

ಆಗಸ್ಟಿನಲ್ಲಿ ಬಫೆಲೋ ಕಡೆಯ ಒಬ್ಬ ಓದುಗರು ಸಂಪಾದಕರ ಮೂಲಕ ಒಂದು ಕಾಗದ ಬರೆದಿದ್ದರು. ನಿವೃತ್ತ ಇಂಜಿನಿಯರು, ಅಳತೆಯಿಲ್ಲದ ಮಾತು ಅವರಿಗೆ ಸೇರದು. "ಬೂದಿಯಲ್ಲಿ ಪೊಟ್ಯಾಷ್ ಇದೆ ಎಂದು ಬರೆದಿದ್ದೀರಿ, ಎಷ್ಟಿದೆ ಎಂದು ಬರೆಯಲಿಲ್ಲ" ಎಂದು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಸೆಪ್ಟೆಂಬರ್ ಮೊದಲ ವಾರ ಆ ತಗಡಿನ ಡಬ್ಬಿಯಿಂದ ಎರಡು ಚಮಚ ಬೂದಿಯನ್ನು ಲ್ಯಾಬಿಗೆ ಒಯ್ದೆ. ನಮ್ಮಲ್ಲಿ ಎಕ್ಸ್-ರೇ ಫ್ಲೋರೆಸೆನ್ಸ್ ಯಂತ್ರವಿದೆ. ಪುಡಿಯನ್ನು ಸಣ್ಣ ಬಟ್ಟಲಿಗೆ ತುಂಬಿ ಎಕ್ಸ್-ಕಿರಣ ಬಿಟ್ಟರೆ, ಯಾವ ಧಾತು ಎಷ್ಟಿದೆಯೆಂದು ಕೆಲವು ನಿಮಿಷದಲ್ಲಿ ಹೇಳುತ್ತದೆ. ಕೈಕೆಳಗಿನ ಹುಡುಗ ಅದನ್ನು ಓಡಿಸಿ, ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, "ಇದು ಬೂದಿಯೋ, ಕಾರಿನ ಬ್ಯಾಟರಿಯೋ?" ಎಂದ.

ಸುಣ್ಣ, ಪೊಟ್ಯಾಷು ಎಲ್ಲ ಇರಬೇಕಾದಷ್ಟೇ ಇದ್ದವು. ಅದರ ಕೆಳಗೆ ಸೀಸ: ನೂರಕ್ಕೆ ಒಂದೂವರೆ.

ಯಂತ್ರದ ತಪ್ಪೆಂದು ಮೊದಲು ಅನ್ನಿಸಿತು. ತಪ್ಪು ಯಂತ್ರದ್ದೇ ಆಗಿರಬೇಕೆಂದು ಹಂಬಲಿಸಿದೆ ಎಂದರೆ ಸರಿ. ಬಟ್ಟಲು ಬದಲಿಸಿ ಮತ್ತೆ ನೋಡಿದೆ. ಮೂರನೆಯ ಸಲ ನೋಡುವ ಮೊದಲೇ ಷೆಡ್ಡಿನ ಬಿಳಿಯ ಬಣ್ಣ ಕಣ್ಣ ಮುಂದೆ ಬಂತು. ಹಳೆಯ ಕಾಲದ ಬಿಳಿಯ ಬಣ್ಣವೆಂದರೆ ಸಫೇದಾ, ಸೀಸದ ಕಾರ್ಬೊನೇಟು. ಅಮೆರಿಕದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಮನೆ ಕೊಳ್ಳುವಾಗ, 1978ಕ್ಕಿಂತ ಹಿಂದಿನ ಮನೆ, ಸೀಸದ ಬಣ್ಣವಿರಬಹುದು ಎಂಬ ಎಚ್ಚರಿಕೆಯ ಕಾಗದಕ್ಕೆ ನಾನೇ ರುಜು ಹಾಕಿದ್ದೆ. ಕಿಟಕಿಗಳನ್ನೆಲ್ಲ ಪರೀಕ್ಷೆ ಮಾಡಿಸಿ ಸರಿಪಡಿಸಿಯೂ ಇದ್ದೆವು. ಷೆಡ್ಡು ಮನೆಯ ಲೆಕ್ಕಕ್ಕೆ ಬರಲಿಲ್ಲ. ಉರಿಸಿದರೆ ಮರ ಹೋಗುತ್ತದೆ, ಬಣ್ಣದೆಣ್ಣೆ ಹೋಗುತ್ತದೆ. ಸೀಸ ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಹೊಗೆಯಲ್ಲಿ, ಮಿಕ್ಕದ್ದು ಬೂದಿಯಲ್ಲಿ. ಮೊದಲ ವರ್ಷದ ವಿದ್ಯಾರ್ಥಿಗೆ ಈ ಪ್ರಶ್ನೆ ಕೊಟ್ಟರೆ ತಪ್ಪದೆ ಉತ್ತರಿಸುತ್ತಾನೆ.

ಆ ಸಂಜೆ ಪಾತಿಯ ಮೇಲಿನ ಎರಡಂಗುಲ ಮಣ್ಣನ್ನು ಆರು ಕಡೆ ತೆಗೆದು, ಹಿತ್ತಿಲ ಇನ್ನೊಂದು ಮೂಲೆಯ ಮಣ್ಣನ್ನೂ ತೆಗೆದುಕೊಂಡು ಹೋಗಿ ಮರುದಿನ ನೋಡಿದೆ. ಇನ್ನೊಂದು ಮೂಲೆಯಲ್ಲಿ ದಶಲಕ್ಷಕ್ಕೆ 34 ಪಾಲು ಸೀಸ, ಮಾಮೂಲು. ಪಾತಿಯಲ್ಲಿ 280. ಮನೆಯ ಅಂಗಳದ ಮಣ್ಣಿನಲ್ಲಿ ಇಷ್ಟು ಮೀರಿದರೆ ವಿಚಾರಿಸಬೇಕು ಎಂದು ಇಲ್ಲಿನ ಪರಿಸರ ಇಲಾಖೆ ಇಟ್ಟುಕೊಂಡಿದ್ದ ಗೆರೆ ಮೊದಲು 400 ಇತ್ತು. 2024ರ ಜನವರಿಯಲ್ಲಿ ಅದನ್ನು 200ಕ್ಕೆ ಇಳಿಸಿದರು. ಕಾಗದದ ಮೇಲೆ ಲೆಕ್ಕ ಹಾಕಿದೆ: ಎರಡು ಬಕೆಟ್ಟು ಬೂದಿ ಸುಮಾರು 18 ಕಿಲೋ, ಅದರಲ್ಲಿ ಸೀಸ 270 ಗ್ರಾಂ. ಆ ಪಾತಿಯ ಎರಡಂಗುಲ ಮಣ್ಣು ಹೆಚ್ಚುಕಡಿಮೆ 1,100 ಕಿಲೋ. ಭಾಗಿಸಿದರೆ 245. ಮೊದಲಿದ್ದ 34 ಕೂಡಿಸಿದರೆ 279. ನನ್ನ ಜೀವನದಲ್ಲಿ ಲೆಕ್ಕ ಇಷ್ಟು ಚೆನ್ನಾಗಿ ತಾಳೆಯಾದದ್ದು ಕಡಿಮೆ. ಬಿಡಿ.

ಅತ್ತೆಗೆ ಹೇಗೆ ಹೇಳುವುದು? ಅವರು ಆಗ ಚಪ್ಪರದ ಕೆಳಗೆ ನಿಂತು ಬಸಳೆ ಕೊಯ್ಯುತ್ತಿದ್ದರು. ಹೇಳಿದೆ. ಸೀಸ ಎಂದ ಕೂಡಲೇ, "ಮೀನು ಬಲೆಗೆ ಕಟ್ತಾರಲ್ಲ, ಅದಾ?" ಎಂದರು. ಹೌದೆಂದೆ. "ಅಲ್ಲ ಮಾರಾಯ್ತಿ, ಅದು ಸೊಪ್ಪಿಗೆ ಹೇಗೆ ಬಂತು?" ಎಂದರು. ಹಲಗೆ, ಬಣ್ಣ, ಬೂದಿ ಎಲ್ಲ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಡಿಲಲ್ಲಿದ್ದ ಸೊಪ್ಪನ್ನು ಕೆಳಗೆ ಹಾಕಿ, "ಮಗೂಗೆ?" ಎಂದು ಮಾತ್ರ ಕೇಳಿದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಈ ರಾಜ್ಯದಲ್ಲಿ ಮಕ್ಕಳಿಗೆ ಒಂದು ವರ್ಷಕ್ಕೊಮ್ಮೆ, ಎರಡಕ್ಕೊಮ್ಮೆ ರಕ್ತದ ಸೀಸ ಪರೀಕ್ಷೆ ಕಡ್ಡಾಯ. ಪುಟ್ಟಿಗೆ ಒಂದು ತುಂಬಿದಾಗ ಏನೂ ಇರಲಿಲ್ಲ. ಎರಡರದ್ದು ಮುಂದಿನ ತಿಂಗಳಿಗಿತ್ತು. ಕಾಯದೆ ಮರುದಿನವೇ ಕರೆದುಕೊಂಡು ಹೋದೆವು. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ 4.6. ಬೆರಳಿನ ಮೇಲಿನ ಧೂಳು ಸೇರಿದರೆ ಸಂಖ್ಯೆ ಏರುವುದುಂಟು, ಅದಕ್ಕಾಗಿ ನರದಿಂದ ಮತ್ತೆ ತೆಗೆದರು: ಡೆಸಿಲೀಟರಿಗೆ 4.2 ಮೈಕ್ರೋಗ್ರಾಂ. 2021ರಲ್ಲಿ ಇಲ್ಲಿನ ಆರೋಗ್ಯ ಕೇಂದ್ರದವರು ಗೊತ್ತುಮಾಡಿದ ಗೆರೆ 3.5. ಅದು ಅಪಾಯ ಶುರುವಾಗುವ ಗೆರೆಯೂ ಅಲ್ಲ. ಮಕ್ಕಳಿಗೆ ಇಷ್ಟರವರೆಗೆ ತೊಂದರೆಯಿಲ್ಲ ಎನ್ನುವ ಪ್ರಮಾಣವೇ ಸೀಸಕ್ಕಿಲ್ಲ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ಮೈಗೆ ಹತ್ತುವುದು ನೂರಕ್ಕೆ ಹತ್ತರಷ್ಟಾದರೆ, ಸಣ್ಣ ಮಕ್ಕಳಲ್ಲಿ ಅರ್ಧದವರೆಗೂ ಹೋಗಬಹುದು. ಬೆಳೆಯುತ್ತಿರುವ ಮೆದುಳಿಗೆ ಅದು ಶತ್ರು.

ದಾದಿ ಒಂದು ಪಟ್ಟಿ ಹಿಡಿದು ಕೂತಳು. ಮಗುವಿಗೆ ಕಾಡಿಗೆ ಹಚ್ಚುತ್ತೀರಾ? ಕುಂಕುಮ ಎಲ್ಲಿಯದು? ಅರಿಸಿನವನ್ನು ಊರಿಂದ ತರಿಸುತ್ತೀರಾ? ಹಿತ್ತಾಳೆ ಪಾತ್ರೆಯಲ್ಲಿ ಅಡುಗೆಯೇ? ಆಯುರ್ವೇದದ ಔಷಧಿ? ನಾನು ಒಂದೊಂದಕ್ಕೂ ಮುಖ ಗಂಟಿಕ್ಕಿಕೊಂಡು ಉತ್ತರ ಕೊಟ್ಟೆ. ನಮ್ಮನ್ನು ನೋಡಿದ ಕೂಡಲೇ ಈ ಪಟ್ಟಿಯೇ ಎಂದು ಮನಸ್ಸಿಗೆ ಚುಚ್ಚಿತು. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಆ ಪಟ್ಟಿ ಸುಳ್ಳಲ್ಲ. ಕೆಲವು ಸುರ್ಮಾ-ಕಾಡಿಗೆಗಳಲ್ಲಿ ಸೀಸದ ಅದಿರೇ ಇರುತ್ತದೆ. ಸಿಂಧೂರವೆಂಬುದೇ ಸೀಸದ ಆಕ್ಸೈಡು. ಬಣ್ಣ ಬರಲೆಂದು ಅರಿಸಿನಕ್ಕೆ ಸೀಸದ ಕ್ರೋಮೇಟ್ ಬೆರೆಸಿದ್ದು ಬಾಂಗ್ಲಾದೇಶದಲ್ಲಿ ಸಿಕ್ಕಿಬಿದ್ದಿದೆ. ಕಲಾಯಿಯ ತವರದಲ್ಲಿ ಸೀಸ ಬೆರೆತಿರುವುದುಂಟು. ಮನೆಗೆ ಬಂದು ಅತ್ತೆಯ ಕುಂಕುಮದ ಭರಣಿಯಿಂದ ಹಿಡಿದು ಸಾರಿನ ಪುಡಿಯ ತನಕ ಹನ್ನೊಂದು ಪೊಟ್ಟಣ ಕಟ್ಟಿ ಲ್ಯಾಬಿಗೆ ಒಯ್ದೆ. ಹನ್ನೊಂದೂ ಶುದ್ಧ. ನಮ್ಮ ಭರಣಿಗಳೆಲ್ಲ ನಿರಪರಾಧಿಗಳು. ತಪ್ಪಿತಸ್ಥ ಅಮೆರಿಕದ ಷೆಡ್ಡು, ಕೈ ನಮ್ಮದು.

ಸೊಪ್ಪಿನಿಂದಲೇ ಬಂತೇ ಎಂದು ಎಲ್ಲರೂ ಕೇಳುತ್ತಾರೆ. ಗಿಡದ ಬೇರು ಸೀಸವನ್ನು ಮೇಲಕ್ಕೆ ಎಳೆಯುವುದು ಬಹಳ ಕಡಿಮೆ. ಟೊಮೇಟೊ, ಬದನೆ, ಅಲಸಂದೆಯಂಥ ಕಾಯಿಗಳಿಗೆ ಮುಟ್ಟುವುದು ಇನ್ನೂ ಕಡಿಮೆ. ಸೊಪ್ಪಿಗೂ ಗೆಡ್ಡೆಗೂ ಅಂಟಿಕೊಂಡ ಮಣ್ಣೇ ಹೆಚ್ಚಿನ ದಾರಿ. ಅದಕ್ಕೂ ಹೆಚ್ಚಿನದು ಮಕ್ಕಳ ಕೈಯಿಂದ ಬಾಯಿಗೆ. ವಿಚಿತ್ರವೆಂದರೆ ಬೂದಿಯೇ ಮಣ್ಣಿನ ಹುಳಿ ತೆಗೆದದ್ದರಿಂದ (ಪಿ.ಎಚ್. 6.9ಕ್ಕೆ ಬಂದಿತ್ತು) ಸೀಸ ಕರಗದೆ ಮಣ್ಣಿನಲ್ಲೇ ಗಟ್ಟಿಯಾಗಿ ಕೂತಿತ್ತು. ಅತ್ತೆ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯುವವರು. ಹೀಗಾಗಿ ನನ್ನ ಗುಮಾನಿ ಸೊಪ್ಪಿಗಿಂತ ಹೆಚ್ಚಾಗಿ ಎರಡರ ಮೇಲೆ: ಒಂದು, ಪುಟ್ಟಿ ಹಿಡಿದು ಎರಚಿದ ಬೂದಿ. ಇನ್ನೊಂದು, ಚಳಿಗಾಲವೆಲ್ಲ ನಡುಮನೆಯ ಒಲೆಯಿಂದ ನಾನು ಸಲಿಕೆಯಲ್ಲಿ ಬೂದಿ ಮೊಗೆಯುವಾಗ ಎದ್ದು, ಅವಳು ಅಂಬೆಗಾಲಿಟ್ಟ ಜಮಖಾನೆಯ ಮೇಲೆ ಕೂತ ಧೂಳು. ಜಮಖಾನೆಯ ಧೂಳಿನಲ್ಲೂ ಸೀಸ ಸಿಕ್ಕಿತು.

ಮಾಡಿದ್ದೇನೆಂದು ಕೇಳಿ. ಜಮಖಾನೆ ಎಸೆದೆವು. ನೆಲವನ್ನು ಒದ್ದೆ ಬಟ್ಟೆಯಲ್ಲಿ ವಾರಕ್ಕೆ ಎರಡು ಸಲ ಒರೆಸಿದೆವು. ಒಣ ಪೊರಕೆ ಹಿಡಿದರೆ ಧೂಳು ಎದ್ದು ಮತ್ತೆ ಅಲ್ಲೇ ಕೂರುತ್ತದೆ. ಒಲೆಯನ್ನೂ ಚಿಮಣಿಯನ್ನೂ ಗುಡಿಸುವವರನ್ನು ಕರೆಸಿ, ವಿಷಯ ಮೊದಲೇ ತಿಳಿಸಿ, ಪೂರ್ತಿ ಶುಚಿ ಮಾಡಿಸಿದೆವು. ಡಬ್ಬಿಯಲ್ಲಿ ಉಳಿದ ಬೂದಿಯನ್ನು ಕೌಂಟಿಯವರು ವಿಷದ ಕಸ ತೆಗೆದುಕೊಳ್ಳುವ ದಿನ ಕೊಟ್ಟು ಬಂದೆವು. ಪಾತಿಯ ಮೇಲಿನ ನಾಲ್ಕಂಗುಲ ಮಣ್ಣನ್ನು ಅಗೆದು ತೆಗೆಸಿದೆವು, ಎರಡೂವರೆ ಘನ ಗಜದಷ್ಟಾಯಿತು. ಬಸಳೆ ಚಪ್ಪರ ಕೀಳುವ ದಿನ ಅತ್ತೆ ಒಳಗೇ ಇದ್ದರು.

ಅದೇ ರಾತ್ರಿ ಅವರು ಊರಿಗೆ ಫೋನ್ ಮಾಡಿದರು. ಮನೆ ರಿಪೇರಿ ಮಾಡಿಸಿದಾಗ ಕಿತ್ತ ಹಳೆಯ ಕಿಟಕಿ, ದಾರಂದಗಳನ್ನೆಲ್ಲ ಬಚ್ಚಲ ಒಲೆಗೆಂದು ಸೌದೆ ಕೊಟ್ಟಿಗೆಯಲ್ಲಿ ಒಟ್ಟಿದ್ದಾರಂತೆ, ಹಸಿರು ಬಣ್ಣದವು. "ಅದನ್ನು ಹಂಡೆ ಒಲೆಗೆ ಹಾಕ್ಬೇಡಿ, ಹಾಕಿದ್ರೆ ಆ ಬೂದೀನ ಪಾತ್ರೆ ತಿಕ್ಕೋಕೂ ತೆಗೀಬೇಡಿ" ಎಂದು ಭಾವನವರಿಗೆ ತಾಕೀತು ಮಾಡಿದರು. ಭಾವ ನಕ್ಕರೆಂದು ಕಾಣುತ್ತದೆ. ಇವರು ಗದರಿದ್ದು ನನಗೆ ಕೇಳಿಸಿತು. ಭಾರತದಲ್ಲಿ ಮನೆಯ ಬಣ್ಣದ ಸೀಸಕ್ಕೆ ದಶಲಕ್ಷಕ್ಕೆ 90 ಪಾಲಿನ ಮಿತಿ ಬಂದದ್ದು 2017ರ ನವೆಂಬರಿನಿಂದ. ಅಂದರೆ ಅದಕ್ಕೆ ಹಿಂದಿನ ಬಾಗಿಲು-ಕಿಟಕಿ ನಮ್ಮ ಊರುಗಳಲ್ಲಿ ಎಷ್ಟಿರಬಹುದೆಂದು ನೀವೇ ಊಹಿಸಿ. ಊರಿನಲ್ಲಿ ಮನೆ ಕೆಡವಿ ಕಟ್ಟಿಸುತ್ತಿರುವವರು ನಮ್ಮ ಸಂಘದಲ್ಲೇ ಹತ್ತಾರು ಜನರಿದ್ದೀರಿ. ಒಂದು ಫೋನ್ ಮಾಡಿ.

ಪುಟ್ಟಿಗೆ ಡಿಸೆಂಬರಿನಲ್ಲಿ 2.7ಕ್ಕೆ ಇಳಿಯಿತು. ಈ ಮಾರ್ಚಿಯಲ್ಲಿ, 2025, 1.9. ರಕ್ತದ ಸೀಸ ತಿಂಗಳೊಂದಕ್ಕೆ ಸುಮಾರು ಅರ್ಧಕ್ಕೆ ಇಳಿಯಬೇಕು. ಆದರೆ ಮೂಳೆಯಲ್ಲಿ ಸೇರಿದ್ದು ವರ್ಷಗಟ್ಟಲೆ ನಿಧಾನವಾಗಿ ಹೊರಗೆ ಬರುತ್ತಿರುತ್ತದೆ, ಆದ್ದರಿಂದ ಈ ನಿಧಾನ. ಸುಣ್ಣದ ಅಂಶ, ಕಬ್ಬಿಣದ ಅಂಶ ಚೆನ್ನಾಗಿರುವ ಊಟ ಕೊಡಿ ಎಂದಿದ್ದಾರೆ, ಅವೆರಡು ಕಡಿಮೆಯಾದರೆ ಮೈ ಸೀಸವನ್ನು ಹೆಚ್ಚು ಹೀರುತ್ತದೆ. ಹಾಲು, ರಾಗಿ, ಬೇಳೆ ನಡೆದಿದೆ. ಮಾತು, ಆಟ, ಹಟ ಎಲ್ಲ ವಯಸ್ಸಿಗೆ ತಕ್ಕಂತಿದೆ, ಹಟ ಒಂದು ಕೈ ಹೆಚ್ಚೇ. ರಾತ್ರಿ ಅವಳು ಒಂದು ಪದ ತಪ್ಪು ಹೇಳಿದರೆ ಮಾತ್ರ ನನ್ನ ಎದೆ ಒಮ್ಮೆ ಹೊಡೆದುಕೊಳ್ಳುತ್ತದೆ. ನಮ್ಮವರು ಎಲ್ಲ ಮಕ್ಕಳೂ ಹಾಗೇ ಹೇಳುತ್ತವೆ ಎನ್ನುತ್ತಾರೆ.

ಈಗ ಆ ಬಿಟ್ಟುಹೋದ ವಾಕ್ಯ, ತಡವಾಗಿಯಾದರೂ: ಬಣ್ಣ, ವಾರ್ನಿಷ್ ಕಾಣದ, ಔಷಧಿ ಹಾಕದ, ಮರದಿಂದ ನೇರವಾಗಿ ಸೀಳಿದ ಸೌದೆಯನ್ನು ಮಾತ್ರ ಉರಿಸಿ, ಅದರ ಬೂದಿಯನ್ನು ಮಾತ್ರ ಹಿತ್ತಿಲಿಗೆ ಹಾಕಿ. ಹಳೆಯ ಡೆಕ್ಕಿನ ಹಸಿರು ಛಾಯೆಯ ಹಲಗೆಗಳಿದ್ದರೆ ಅವುಗಳಲ್ಲಿ ಸೀಸವಲ್ಲ, ಆರ್ಸೆನಿಕ್. 2003ರ ಕೊನೆಯ ತನಕ ಮನೆಗಳಿಗೆ ಆ ಮರವನ್ನೇ ಮಾರುತ್ತಿದ್ದರು. ಅದನ್ನು ಉರಿಸುವುದು ಷೆಡ್ಡಿನ ಹಲಗೆಗಿಂತ ಕೆಟ್ಟದ್ದು. ಪ್ಲೈವುಡ್, ಹೊಳಪಿನ ಕಾಗದ, ಬಾರ್ಬೆಕ್ಯೂ ಇದ್ದಿಲ ಉಂಡೆಗಳ ಬೂದಿ ಯಾವುದೂ ಬೇಡ. ಶುದ್ಧ ಬೂದಿಯಾದರೂ ಸಾವಿರ ಚದರಡಿಗೆ ವರ್ಷಕ್ಕೆ ಒಂದು ಬಕೆಟ್ಟು, ಅಂದರೆ 20 ಪೌಂಡು, ಸಾಕು. ಇನ್ನೂರು ಚದರಡಿಗೆ ಎರಡು ಬಕೆಟ್ಟು ಹಾಕಿದ ನನ್ನ ಉತ್ಸಾಹವನ್ನು ಅನುಸರಿಸಬೇಡಿ. ಮೊದಲು ಮಣ್ಣಿನ ಪಿ.ಎಚ್. ನೋಡಿಸಿ, ಆಗಲೇ 7 ಇದ್ದರೆ ಬೂದಿಯ ಆಸೆ ಬಿಡಿ. ಆಲೂಗೆಡ್ಡೆ ಹಾಕುವ ಪಾತಿಗೂ ಬ್ಲೂಬೆರಿಗೂ ಬೇಡ. ಒಂದಕ್ಕೆ ಸಿಪ್ಪೆಯ ಕಜ್ಜಿ ಹೆಚ್ಚುತ್ತದೆ, ಇನ್ನೊಂದು ಹುಳಿ ಮಣ್ಣಿಲ್ಲದೆ ಬದುಕುವುದಿಲ್ಲ. ಬೂದಿಯನ್ನು ಮುಚ್ಚಳದ ತಗಡಿನ ಡಬ್ಬಿಯಲ್ಲಿ ಮನೆಯಿಂದ ದೂರ ಇಡಿ, ಒಳಗಿನ ಕೆಂಡ ದಿನಗಟ್ಟಲೆ ಬದುಕಿರುತ್ತದೆ. 1978ಕ್ಕೆ ಹಿಂದಿನ ಮನೆಯಾದರೆ ಗೋಡೆಯ ಬುಡದ ಮಣ್ಣಿನಲ್ಲಿ ಸೊಪ್ಪು ಬೆಳೆಯುವ ಮೊದಲು ಸೀಸದ ಪರೀಕ್ಷೆ ಮಾಡಿಸಿ. ಕೌಂಟಿಯ ಕೃಷಿ ವಿಸ್ತರಣಾ ಕಚೇರಿಯನ್ನು ಕೇಳಿದರೆ ಎಲ್ಲಿಗೆ ಕಳಿಸಬೇಕೆಂದು ಹೇಳುತ್ತಾರೆ, ಖರ್ಚು ಬಹಳವಿಲ್ಲ. ದಯವಿಟ್ಟು ನನಗೆ ಅಂಚೆಯಲ್ಲಿ ಬೂದಿ ಕಳಿಸಬೇಡಿ. ಬಿಳಿಯ ಪುಡಿಯ ಪೊಟ್ಟಣ ಅಂಚೆಯಲ್ಲಿ ಬಂದರೆ ಇಲ್ಲಿ ಬೇರೆ ಅರ್ಥವಾಗುತ್ತದೆ.

ಒಲೆಯನ್ನು ನಾವು ಬಿಟ್ಟಿಲ್ಲ. ಈ ಚಳಿಗಾಲವೂ ಉರಿಯಿತು, ಎರಡು ವರ್ಷ ಒಣಗಿದ ಓಕ್ ಸೌದೆಯಲ್ಲಿ. ಹೊತ್ತಿಸಲು ನಮ್ಮವರು ಸೀಡರ್ ಚಕ್ಕೆ ಸೀಳಿದರು. ಪ್ರತಿಯೊಂದನ್ನೂ ತಿರುಗಿಸಿ ನೋಡಿ ಇಡುವ ಚಾಳಿ ಬಂದಿದೆ. ಹಿತ್ತಿಲಿನಲ್ಲಿ ಮೂರು ಸೀಡರ್ ಪೆಟ್ಟಿಗೆ ಮಾಡಿ, ಕೆಳಗೆ ದಪ್ಪ ಬಟ್ಟೆ ಹಾಸಿ, ಕೊಂಡು ತಂದ ಮಣ್ಣನ್ನು ಒಂದಡಿ ತುಂಬಿದ್ದೇವೆ. ಆ ಮಣ್ಣನ್ನೂ ಯಂತ್ರಕ್ಕೆ ಕೊಟ್ಟೆ, 18 ಬಂತು. ಅತ್ತೆ ಮೇ ತಿಂಗಳಲ್ಲಿ ಮತ್ತೆ ಬರುತ್ತಾರೆ. ಕಳೆದ ವಾರ ಫೋನಿನಲ್ಲಿ, "ಪೆಟ್ಟಿಗೆಯಲ್ಲಿ ಬಸಳೆಗೆ ಬೇರು ಸಾಕಾಗುತ್ತೇನೆ?" ಎಂದು ಕೇಳಿದರು. ಒಂದಡಿ ಸಾಲುತ್ತದೆ ಎಂದಿದ್ದೇನೆ.

ಆ ಯುಗಾದಿ ಸಂಚಿಕೆ ಓದಿ ಹಿತ್ತಿಲಿಗೆ ಬೂದಿ ಹಾಕಿದೆವೆಂದು ನನಗೆ ಹೇಳಿದವರು ಏಳು ಮನೆಯವರು. ಆರು ಮನೆಗೆ ಸೆಪ್ಟೆಂಬರಿನಲ್ಲೇ ಫೋನ್ ಮಾಡಿದೆ. ಐವರದ್ದು ಶುದ್ಧ ಸೌದೆ. ಆರನೆಯವರು ಹಳೆಯ ಮೇಜು ಒಡೆದು ಉರಿಸಿದ್ದರು. ಮಣ್ಣು ನೋಡಿಸಿದರು, ಪುಣ್ಯಕ್ಕೆ ಏನೂ ಇರಲಿಲ್ಲ. ಏಳನೆಯವರು ಜೂನ್ ಪಿಕ್ನಿಕ್ಕಿನಲ್ಲಿ ನೀರಿನ ಕೊಳಾಯಿಯ ಬಳಿ ಸಿಕ್ಕಿದ್ದರು. ನೀಲಿ ಸೀರೆ, ಜೊತೆಯಲ್ಲಿ ನಾಲ್ಕೈದು ವರ್ಷದ ಹುಡುಗ. "ನಿಮ್ಮ ಮಾತು ಕೇಳಿ ಮೆಂತ್ಯಕ್ಕೆ ಬೂದಿ ಹಾಕಿದ್ದೀನಿ, ಗ್ಯಾರೇಜು ಕೆಡವಿದ ಮರ ಬೇಕಾದಷ್ಟಿದೆ" ಎಂದರು. ನಾನು ಹೆಸರು ಕೇಳಲಿಲ್ಲ. ಸಂಘದ ಪಟ್ಟಿ ಹಿಡಿದು ವಿಚಾರಿಸಿದರೂ ಸಿಗಲಿಲ್ಲ, ಯಾರದೋ ಅತಿಥಿಯಾಗಿ ಬಂದಿದ್ದರೆಂದು ಕಾಣುತ್ತದೆ. ಅವರನ್ನು ಬಲ್ಲವರು ಈ ಪುಟವನ್ನು ಅವರಿಗೆ ತಲುಪಿಸಿ. ನನ್ನ ನಂಬರು ಸಂಪಾದಕರಲ್ಲಿದೆ, ಯಾವ ಹೊತ್ತಿಗಾದರೂ ಮಾಡಬಹುದು.